ಬಾಸಿಂಗವೂ ಮುಸುಕೂ

ದೆಹಲಿಯಲ್ಲಿ ನಮ್ಮವರ ಮನೆಯ ಮದುವೆ ನಿಶ್ಚಯವಾಯಿತೆಂದರೆ ಚಾಂದನಿ ಚೌಕದ ಕಿನಾರಿ ಬಜಾರಿಗೆ ಹೋಗಿ ಗೋಟಾ ಅಂಚಿನ ಕೆಂಪು ಚುನರಿ ತರುವುದು ಈಗ ಅಪರೂಪವಲ್ಲ. ನಮ್ಮ ಮದುವಣಗಿತ್ತಿಗೆ ಹಿಂದೆ ಮುಸುಕಿದ್ದಿತೆ?

ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯಾದದ್ದು 1117ರಲ್ಲಿ. ಅಲ್ಲಿನ ಮದನಿಕೆಯರ ಮೈತುಂಬ ಒಡವೆ; ಮುಖ ಮರೆಸುವ ವಸ್ತ್ರವಿಲ್ಲ. (ಅವರು ವಧುಗಳಲ್ಲ, ನಿಜ.) ನಮ್ಮ ಅನೇಕರ ಮದುವೆಯಲ್ಲಿ ಮರೆ ಉಂಟು, ಆದರೆ ಅದು ವಧೂವರರ ನಡುವೆ ಹಿಡಿಯುವ ಅಂತರಪಟ. ಮುಹೂರ್ತಕ್ಕೆ ಅದು ಸರಿದಾಗ ಇಬ್ಬರೂ ಒಮ್ಮೆಗೇ ಮುಖ ನೋಡುತ್ತಾರೆ. ಹಣೆಯ ಬಾಸಿಂಗವೂ ಇಬ್ಬರಿಗೂ ಉಂಟು. ಹಳಗನ್ನಡದಲ್ಲಿ ಬಾಸಿಗವೆಂದರೆ ಹೂಮಾಲೆ. ಬೆಂಡು, ಜರಿ, ಮುತ್ತುಗಳು ಆಮೇಲೆ ಸೇರಿದವು.

ಹಾಗೆಂದು ತಲೆಯ ಮೇಲಿನ ವಸ್ತ್ರ ಕನ್ನಡನಾಡಿಗೆ ಹೊರಗಿನದೆನ್ನಲಾಗದು. ಇಳಕಲ್ ಸೀರೆಯ ಕಡೆ ಸೆರಗು ಹೊದೆಯುವ ರೂಢಿಯಿದೆ. ಕೊಡವರ ವಧುವೂ ಕೆಂಪು ಸೀರೆಯೊಡನೆ ತಲೆಗೆ ವಸ್ತ್ರ ಧರಿಸುತ್ತಾಳೆ.

ಆದ್ದರಿಂದ ಚುನರಿಯ ಮೇಲೆ ನಮಗೆ ಮುನಿಸಿಲ್ಲ. ಆದರೆ ಇಲ್ಲಿಯ ಸೆಹರಾ ಸಾಮಾನ್ಯವಾಗಿ ವರನ ಸೊತ್ತು. ಗಂಡಿಗೆ ಸೆಹರಾ, ಹೆಣ್ಣಿಗೆ ಚುನರಿ ಎಂದು ಕೊಂಡುಬಂದರೆ ಸದ್ದಿಲ್ಲದೆ ಬಿಟ್ಟುಹೋಗುವುದು ಹೆಣ್ಣಿನ ಬಾಸಿಂಗ. ಊರಿನಿಂದ ಬರುವ ಬಂಧುಗಳಿಗೆ ಹೇಳಿದರೆ ಗ್ರಂಧಿಗೆ ಅಂಗಡಿಯಿಂದ ಜೊತೆ ತಂದಾರು. ಚುನರಿಯನ್ನು ಹೆಗಲಿಗೆ ಪಿನ್ನು ಹಾಕಿ ಇಳಿಬಿಡಿ. ಮೊಗ್ಗಿನ ಜಡೆಯೂ ಕಾಣಲಿ.