ಕೋಟೆ ಬಿದ್ದ ಮರುದಿನ

ನಾನು ಮಾನ್ವಿಯಲ್ಲಿ ಇತಿಹಾಸ ಪಾಠ ಹೇಳಿದ ಮೇಷ್ಟ್ರು. 1520ರ ರಾಯಚೂರು ಯುದ್ಧ ಎಂದರೆ ಮಕ್ಕಳಿಗೆ ಆನೆ, ಕುದುರೆ, ತೋಪು ಬೇಕು. ನಾನು ಹೆಚ್ಚು ಹೊತ್ತು ನಿಲ್ಲುತ್ತಿದ್ದದ್ದು ಕೋಟೆ ಬಿದ್ದ ಮರುದಿನದ ಹತ್ತಿರ.

ಅದನ್ನು ಬರೆದಿಟ್ಟವನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್. ಕೃಷ್ಣದೇವರಾಯನ ದಂಡು ಮಲಿಯಾಬಾದಿನಲ್ಲಿ ತಂಗಿ, ಮುಂದೆ ಬಿಜಾಪುರದ ಸುಲ್ತಾನನ ಕೈಯಲ್ಲಿದ್ದ ರಾಯಚೂರನ್ನು ಮುತ್ತಿತು. ಒಳಗಿನವರಿಗೆ ನೀರಿನ ಚಿಂತೆ ಇರಲಿಲ್ಲ. ಗುಡ್ಡದ ಮೇಲೆ ಬತ್ತದ ಊಟೆಯಿತ್ತು, ಬಾವಿಗಳಿದ್ದವು. ಮುತ್ತಿಗೆಯಲ್ಲಿ ಎಷ್ಟೋ ಸಲ ತೋಪಿಗಿಂತ ಮೊದಲು ಜನರನ್ನು ಕೊಲ್ಲುವುದು ಕೆಟ್ಟ ನೀರು, ಅದರ ಬೆನ್ನಿಗೇ ಬರುವ ವಾಂತಿಭೇದಿ. ಹಾಗಾಗಿ ಆ ಊಟೆಯ ಮಾತು ನನಗೆ ಕೋಟೆಗೋಡೆಯಷ್ಟೇ ದೊಡ್ಡದು. ಕೊನೆಗೆ ರಾಯನ ಕಡೆ ನಿಂತಿದ್ದ ಪೋರ್ಚುಗೀಸ್ ಫಿಗೇರೆದೊನ ಕೋವಿಯವರ ಗುಂಡಿಗೆ ಕೋಟೆಯ ಸರದಾರ ಬಿದ್ದ, ಊರು ಶರಣಾಯಿತು. ರಾಯ ಒಳಗೆ ಬಂದು ಅಭಯ ಕೊಟ್ಟ: ನಿಮ್ಮ ಬದುಕು ನಿಮ್ಮದೇ, ಹೋಗುವವರು ಸಾಮಾನು ಸಮೇತ ಹೋಗಿ. ದಂಡಿನವರು ಲೂಟಿಗಿಳಿದ ಸುದ್ದಿ ಬಂದಾಗ ಕದ್ದದ್ದನ್ನು ಒಡೆಯರಿಗೆ ತಿರುಗಿ ಕೊಡಿಸಿದ. ದೊಡ್ಡ ಗುಣವೇ. ಆದರೆ ಅದು ಗೆದ್ದವನ ಮನಸ್ಸಿಗೆ ಬಿಟ್ಟದ್ದು. ಜನ ಹಕ್ಕಿನಿಂದ ಕೇಳಿ ಪಡೆದದ್ದಲ್ಲ.

ಕೃಷ್ಣೆ ತುಂಗಭದ್ರೆಗಳ ನಡುವಿನ ಈ ಎಡೆದೊರೆ ನಾಡು, ಅಂದರೆ ರಾಯಚೂರು ದೋಆಬು, ಆಮೇಲೂ ಕೈ ಬದಲಿಸುತ್ತಲೇ ಹೋಯಿತು. 1853ರಲ್ಲಿ ಹೈದರಾಬಾದ್ ಕಾಂಟಿಂಜೆಂಟ್ ದಂಡಿನ ಸಂಬಳದ ಬಾಕಿಗೆ ನಿಜಾಮರು ಬೇರಾರ್, ಧಾರಾಶಿವದ ಜೊತೆಗೆ ಈ ದೋಆಬನ್ನೂ ಈಸ್ಟ್ ಇಂಡಿಯಾ ಕಂಪನಿಗೆ ವಹಿಸಿದರು. 1860ರಲ್ಲಿ ದೋಆಬು ನಿಜಾಮರಿಗೆ ಮರಳಿ ಬಂತು. ರೈತನನ್ನು ಕೇಳಿದವರಿಲ್ಲ.

ಹೀಗೆ ಕೈ ಬದಲಿಸಿದ ನಾಡಿನಲ್ಲಿ ಜಡ್ಡು ಜಾಪತ್ರೆ ಬಂದಾಗಲೂ ಜನ ತಮಗೆ ತಾವೇ ದಿಕ್ಕು. ನಮ್ಮಮ್ಮನ ತಾಯಿ ದೇವದುರ್ಗ ಸೀಮೆಯವಳು. "ಇಲಿ ಬಿದ್ದ್ವು ಅಂದ್ರ ಊರು ಬಿಟ್ಟ ಏಳಬೇಕಪಾ" ಅನ್ನುತ್ತಿದ್ದಳು. ಪಲೇಗು ಬಂದಾಗ ಮನೆಗೆ ಬೀಗ ಹಾಕಿ, ಹೊಲದಲ್ಲಿ ಕಣಿಕೆಯ ಗುಡಿಸಲು ಕಟ್ಟಿ, ಮಕ್ಕಳು ದನ ಎಲ್ಲವೂ ಅಲ್ಲೇ. ಈ ವಿವೇಕವನ್ನು ನಾನು ತುಂಬ ಗೌರವಿಸುತ್ತೇನೆ.

ಬ್ರಿಟಿಷರ ಪುಣೆಯಲ್ಲಿ ಕಥೆ ಬೇರೆ. 1897ರಲ್ಲಿ ಪ್ಲೇಗ್ ಅಧಿಕಾರಿ ರ್‍ಯಾಂಡ್‌ನ ಕೈಕೆಳಗೆ ಗೋರಾ ಸೈನಿಕರು ಮನೆಮನೆ ನುಗ್ಗಿ, ದೇವರಕೋಣೆಯನ್ನೂ ಬಿಡದೆ ರೋಗಿಗಳನ್ನು ಹುಡುಕಿದರು. ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ಅವನಿಗೆ ಗುಂಡು ಹಾರಿಸಿದರು. ಅದೇ ವರ್ಷ ಮುಂಬಯಿಯಲ್ಲಿ ವಿಜ್ಞಾನಿ ಹಾಫ್‌ಕಿನ್ ಪ್ಲೇಗಿನ ಲಸಿಕೆಯನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡು ಪರೀಕ್ಷಿಸಿದ್ದ. ಔಷಧವಿತ್ತು, ಬೂಟುಗಾಲಿನಲ್ಲಿ ಬಂದ ಸರಕಾರದ ಕೈಯಿಂದ ಅದನ್ನು ತೆಗೆದುಕೊಳ್ಳಲು ಜನ ಹೆದರಿದರು.

ಯುದ್ಧಕಾಲದಲ್ಲಿ ನಾಗರಿಕರನ್ನು ಕಾಪಾಡಲೆಂದು ಆದ 1949ರ ಆಗಸ್ಟ್ 12ರ ನಾಲ್ಕನೇ ಜಿನೀವಾ ಒಪ್ಪಂದವನ್ನು ಓದುವಾಗ ನನಗೆ ಪುಣೆ ನೆನಪಾಗುತ್ತದೆ. ಪರರ ನೆಲವನ್ನು ಹಿಡಿದವನು ಅಲ್ಲಿನ ಜನರಿಗೆ ಅನ್ನ, ಔಷಧ ಒದಗಿಸಬೇಕು ಎನ್ನುತ್ತದೆ 55ನೇ ವಿಧಿ. ಆಸ್ಪತ್ರೆ ನಡೆಸಬೇಕು, ಸಾಂಕ್ರಾಮಿಕ ಹರಡದಂತೆ ತಡೆಯಬೇಕು, ಅದನ್ನು ಸ್ಥಳೀಯ ಅಧಿಕಾರಿಗಳ ಜೊತೆಗೂಡಿ ಮಾಡಬೇಕು ಎನ್ನುತ್ತದೆ 56. ಮತ್ತೂ ಒಂದು ಮಾತು ಅಲ್ಲಿದೆ: ಆರೋಗ್ಯದ ಕ್ರಮ ಕೈಗೊಳ್ಳುವಾಗ ಆ ಜನರ ನೀತಿ, ನಡವಳಿಕೆಯ ಭಾವನೆಗಳನ್ನು ಗಮನದಲ್ಲಿಡಬೇಕು. ನಮ್ಮ ದೇಶ 1950ರಲ್ಲಿ ಇದನ್ನು ಅನುಮೋದಿಸಿತು, 1960ರಲ್ಲಿ ಕಾಯ್ದೆ ಮಾಡಿತು.

ಕೊರೊನಾ ಕಾಲಕ್ಕೆ ಈ ವಿಧಿಗಳೆಲ್ಲ ಇದ್ದೇ ಇದ್ದವು. ಹೀಗಿದ್ದೂ 2021ರ ಫೆಬ್ರುವರಿ 26ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2565ನೇ ನಿರ್ಣಯ ಹೊರಡಿಸಿ, ಲಸಿಕೆ ಹಾಕುವವರಿಗೆ ದಾರಿಯಾಗಲಿ, ಕದನ ನಿಲ್ಲಿಸಿ ಎಂದು ಹೊಡೆದಾಡುವವರನ್ನು ಒತ್ತಾಯಿಸಬೇಕಾಯಿತು.