ಉಸುಕಿನ ಮ್ಯಾಲಿನ ಅಕ್ಷರ

ಜೂನ್ ತಿಂಗಳು ಬಂತಂದ್ರ ನಮ್ಮ ಓಣ್ಯಾಗ ಎರಡೇ ಸುದ್ದಿ, ಒಂದು ಮಳಿ, ಇನ್ನೊಂದು ಸಾಲಿ. ಈ ಸಲ ನಮ್ಮ ಮನ್ಯಾಗೂ ಅದೇ. ತಮ್ಮನ ಮೊಮ್ಮಗ ಒಂದನೇ ಇಯತ್ತೆಗೆ ಹೋಗ್ಲಿಕ್ಕೆ ಹತ್ಯಾನ. ಅವನ ಅವ್ವ, ಅಂದ್ರ ನಮ್ಮ ಸೊಸಿ, ಫೋನಿನಾಗ ಆರ್ಡರ್ ಮಾಡಿ ಒಂದು ಕಟ್ಟಿಗಿ ತಾಟು ತರಿಸಿದ್ಲು. ಅದರ ಜೋಡಿ ಒಂದು ಪುಡಕಿ ಬಿಳೇ ಉಸುಕು, ಒಂದು ಸಣ್ಣ ಕಡ್ಡಿ. "ಅತ್ತಿ, ಇದರಾಗ ಬೆರಳಲೆ ಅಕ್ಷರ ತಿದ್ದಿಸಿದ್ರ ಮಕ್ಕಳ ಕೈ ಛಲೋ ತಿರಗತದಂತ, ವಿದೇಶದ ಪದ್ಧತಿ" ಅಂದ್ಲು. ರೊಕ್ಕ ಎಷ್ಟವಾ ಅಂದೆ. ಎಂಟುನೂರು ರೂಪಾಯಿ. ನನಗ ನಗಿ ತಡಕೊಳ್ಳಲಿಕ್ಕೆ ಆಗ್ಲಿಲ್ಲ.

ಅದೇ ವಾರ ನಮ್ಮ ಮನಿ ಕೆಲಸಕ್ಕ ಬರೋ ಅಕ್ಕ ಭಾಂಡಿ ತಿಕ್ಕೋದು ಬಿಟ್ಟು ಬಾಗಲಾಗ ನಿಂತ್ಲು. ಆಕಿ ಮೊಮ್ಮಗಳೂ ಈ ವರ್ಷನ ಸಾಲಿಗೆ ಹಚ್ಚ್ಯಾರ. "ಅಕ್ಕಾರ, ಮನ್ಯಾಗೂ ಏನರೆ ಕಲಸ್ರಿ ಅಂತ ಟೀಚರು ಹೇಳ್ಯಾರ್ರಿ. ನನಗ ಓದಾಕ ಬರಂಗಿಲ್ಲ, ನನ್ನ ಸೊಸಿಗೂ ಅಷ್ಟಕ್ಕಷ್ಟ. ನಾವೇನ್ ಕಲಸೂಣ್ರಿ?" ಅಂತ ಕೇಳಿದ್ಲು. ಈ ಮಾತಿಗೆ ಮಾತ್ರ ನನಗ ನಗಿ ಬರಲಿಲ್ಲ. ಅವತ್ತ ಏನೋ ಒಂದು ಉತ್ತರ ಕೊಟ್ಟು ಕಳಿಸಿದೆ ಖರೆ, ಮನಸಿಗೆ ಸಮಾಧಾನ ಆಗ್ಲಿಲ್ಲ. ಆಮ್ಯಾಲೆ ಕೂತು ವಿಚಾರ ಮಾಡಿದ್ದನ್ನ, ಓದಿದ್ದನ್ನ ಇಲ್ಲೆ ಬರೀಲಿಕ್ಕೆ ಹತ್ತೇನಿ.

ಮೊದಲ ಆ ಉಸುಕಿನ ಸುದ್ದಿ ಹೇಳ್ತೇನಿ.

ಇನ್ನೂರು ವರ್ಷದ ಹಿಂದ, 1822ರಾಗ, ಮದ್ರಾಸಿನ ಗವರ್ನರ್ ಥಾಮಸ್ ಮನ್ರೊ ಅನ್ನಾವ ತನ್ನ ಕೈ ಕೆಳಗಿನ ಎಲ್ಲಾ ಜಿಲ್ಲಾ ಕಲೆಕ್ಟರಿಗೆ, ನಿಮ್ಮ ನಿಮ್ಮ ಸೀಮ್ಯಾಗ ಎಷ್ಟು ಸಾಲಿ ಅವ, ಎಷ್ಟು ಹುಡುಗೂರು ಕಲೀತಾರ, ಏನು ಕಲೀತಾರ ಅಂತ ಎಣಿಸಿ ಕಳಸ್ರಿ ಅಂತ ಹುಕುಂ ಮಾಡಿದ. ಭಾಳ ಮಂದಿ ಬರೇ ಅಂಕಿ ಬರದು ಕೈತೊಳಕೊಂಡ್ರು. ಬಳ್ಳಾರಿ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಮಾತ್ರ ಹಂಗ ಮಾಡಲಿಲ್ಲ. 1823ರ ಆಗಸ್ಟಿನಾಗ ಆತ ಕಳಿಸಿದ ವರದಿ ಓದಿದ್ರ, ಸಾಲಿ ಕಟ್ಟಿ ಮ್ಯಾಲೆ ಕೂತು ಕಣ್ಣಾರೆ ನೋಡಿ ಬರದಂಗ ಅನಸ್ತದ. ಮುಂದ ಧರಂಪಾಲರು ಈ ಎಲ್ಲಾ ಹಳೇ ಕಾಗದಪತ್ರ ಕೂಡಿಸಿ 1983ರಾಗ ಪುಸ್ತಕ ಮಾಡಿದ್ರು, ಅದಕ್ಕ ಇವತ್ತ ನಮ್ಮಂಥಾವರಿಗೂ ಓದ್ಲಿಕ್ಕೆ ಸಿಗತದ.

ಕೂಸಿಗೆ ಐದು ವರ್ಷ ಆದ ಕೂಡ್ಲೆ ಸಾಲಿ ಮಾಸ್ತರ್ರನ್ನ, ಅಲ್ಲಿ ಕಲಿಯೋ ಹುಡುಗೂರನ್ನ ಮನಿಗೇ ಕರೀತಿದ್ರಂತ. ಗಣಪ್ಪನ ಮೂರ್ತಿ ಸುತ್ತ ಎಲ್ಲಾರೂ ಕೂಡ್ತಿದ್ರು, ಕೂಸನ್ನ ಗಣಪ್ಪನ ಎದುರಿಗೆ ಕೂಡಸ್ತಿದ್ರು. ಪೂಜಿ ಆದ ಮ್ಯಾಲೆ ಮಾಸ್ತರ್ರು ಕೂಸಿನ ಬೆರಳು ಹಿಡದು ಅಕ್ಕಿಯೊಳಗ ದೇವರ ಹೆಸರು ಬರಸ್ತಿದ್ರು. ಮರುದಿನದಿಂದ ಸಾಲಿ. ನೋಡ್ರಿ, ಮೊದಲನೇ ಅಕ್ಷರ ಬರದದ್ದು ಸಾಲ್ಯಾಗಲ್ಲ, ಮನ್ಯಾಗ, ಅವ್ವ ಹಸನು ಮಾಡಿಟ್ಟ ಅಕ್ಕಿಯೊಳಗ. ನಮ್ಮ ಕಡೆ ಇವತ್ತಿಗೂ ಅಕ್ಷರಾಭ್ಯಾಸ ಹಿಂಗ ಮಾಡ್ತೇವಿ.

ಸಾಲಿಗೆ ಹೋದ ಮ್ಯಾಲೆ ಅಕ್ಕಿ ಬದಲಿ ಉಸುಕು. ನೆಲದ ಮ್ಯಾಲೆ ಉಸುಕು ಹರವಿ ಬೆರಳಲೆ ತಿದ್ದೋದು. ಕ್ಯಾಂಪ್‌ಬೆಲ್‌ಗ ಇಲ್ಲೆ ಒಂದು ಫರಕು ಕಾಣಿಸ್ತು. ಅವರ ದೇಶದಾಗ ಹುಡುಗೂರು ಅಕ್ಷರ ಮೊದಲು ಬಾಯಲೆ ಅಂದು ಕಲೀತಿದ್ರು, ನಮ್ಮಲ್ಲೆ ಕೈಲೆ ಬರದು ಕಲೀತಿದ್ರು. ಬೆರಳು ಪಳಗಿದ ಮ್ಯಾಲೆನ ಬರಿಯೋ ಸಾಮಾನು ಕೈಗೆ ಕೊಡ್ತಿದ್ರು. ಓಲೆಗರಿ ಮ್ಯಾಲೆ ಕಬ್ಬಿಣದ ಕಂಠ, ಕಾಗದದ ಮ್ಯಾಲೆ ಲೆಕ್ಕಣಿಕಿ, ಒಮ್ಮೊಮ್ಮೆ ಈಶ್ವರಿ ಬಳ್ಳಿ ಎಲಿ ಮ್ಯಾಲೂ ಬರಸ್ತಿದ್ರಂತ. ಆದ್ರ ಬಳ್ಳಾರಿ ಕಡೆ ಹೆಚ್ಚು ರೂಢಿ ಇದ್ದದ್ದು ಎರಡು, ಹಲಗಿ ಮತ್ತ ಕಡತ. ಆ ಇಂಗ್ಲಿಷ್ ಮನಶ್ಯಾ "ಹಲಗಿ" ಅಂತನ ಬರದಾನ, "ಹಲಗೆ" ಅಂತಲ್ಲ. ಇನ್ನೂರು ವರ್ಷದ ಹಿಂದ ನಮ್ಮ ಮಂದಿ ಬಾಯಾಗಿನ ಮಾತು ಹಂಗ ಅವನ ಕಿವಿಗೆ ಬಿದ್ದದ, ಓದಿ ನನಗ ಭಾಳ ಸಂತೋಷ ಆತು.

ಹಲಗಿ ಅಂದ್ರ ಒಂದಡಿ ಅಗಲ, ಮೂರಡಿ ಉದ್ದದ ಮರದ ಹಲಗಿ. ಅದಕ್ಕ ಅನ್ನದ ಗಂಜಿ, ಇದ್ದಲಿ ಪುಡಿ ಬಳಿದ್ರ ಕರ್ರಗ ಆಗತದ. ಕಡತ ಅಂದ್ರ ಅರಿವಿ. ಅರಿವಿಗೆ ಗಂಜಿ ಹಾಕಿ ಬಿರುಸು ಮಾಡಿ, ಪುಸ್ತಕದಂಗ ಮಡಚಿ, ಇದ್ದಲಿ ಮತ್ತ ಅಂಟು ಬಳಿಯೋದು. ಹುಣಸಿಬೀಜದ ಅಂಟೂ ಇದಕ್ಕ ಹಾಕ್ತಿದ್ರು. ಬರೀಲಿಕ್ಕೆ ಬಳಪ, ಒರಸಲಿಕ್ಕೆ ಹಸಿ ಅರಿವಿ. ಇವತ್ತ ಕಚೇರ್ಯಾಗ ಫೈಲಿಗೆ "ಕಡತ" ಅಂತಾರಲಾ, ಆ ಹೆಸರು ಬಂದದ್ದು ಇದರಿಂದನ. ಗಂಜಿ, ಇದ್ದಲಿ, ಹುಣಸಿಬೀಜ, ಹಳೇ ಅರಿವಿ, ಎಲ್ಲಾ ಅಡಗಿಮನಿ ಸಾಮಾನು. ಸಾಲಿ ಪಾಟಿ ತಯಾರಾಗ್ತಿದ್ದದ್ದು ಒಲಿ ಮುಂದ ಅಂದ್ರ ತಪ್ಪಿಲ್ಲ.

ಇನ್ನ ವಿದೇಶದ ಪದ್ಧತಿ ಅಂದ್ಲಲಾ ನಮ್ಮ ಸೊಸಿ, ಆ ಕತಿನೂ ಕೇಳ್ರಿ. ಆ್ಯಂಡ್ರೂ ಬೆಲ್ ಅಂತ ಸ್ಕಾಟ್ಲೆಂಡಿನ ಒಬ್ಬ ಪಾದ್ರಿ 1789ರಾಗ ಮದ್ರಾಸಿನ ಅನಾಥ ಗಂಡುಮಕ್ಕಳ ಆಶ್ರಮಕ್ಕ ಮೇಲ್ವಿಚಾರಕ ಆದ. ಅಲ್ಲೆ ಒಂದು ಊರ ಸಾಲ್ಯಾಗ ಹುಡುಗೂರು ಉಸುಕಿನ್ಯಾಗ ಬರಿಯೋದನ್ನ ನೋಡಿ, ಅದನ್ನ ತನ್ನ ಆಶ್ರಮದಾಗ ಸುರು ಮಾಡಿದ. ದೊಡ್ಡ ಹುಡುಗೂರಿಂದ ಸಣ್ಣ ಹುಡುಗೂರಿಗೆ ಕಲಿಸೋದನ್ನೂ ಸೇರಿಸಿದ. ಊರಿಗೆ ಹೋಗಿ 1797ರಾಗ ಲಂಡನ್ನಿನಾಗ ಪುಸ್ತಕ ಬರದ. "ಮದ್ರಾಸ್ ಪದ್ಧತಿ" ಅಂತ ಅದು ಇಂಗ್ಲೆಂಡಿನ ಬಡವರ ಸಾಲಿಗೆಲ್ಲಾ ಹಬ್ಬಿತು. ಅವನ ಊರು ಸೇಂಟ್ ಆ್ಯಂಡ್ರೂಸಿನಾಗ ಇವತ್ತಿಗೂ "ಮದ್ರಾಸ್ ಕಾಲೇಜ್" ಅಂತ ಸಾಲಿ ಅದ. ನಮ್ಮ ಕಟ್ಟಿ ಮ್ಯಾಲಿನ ಉಸುಕು ಹಡಗ ಹತ್ತಿ ಹೋಗಿತ್ತು. ಈಗ ಎಂಟುನೂರು ರೂಪಾಯಿಗೆ ತಿರುಗಿ ಬಂದದ.

ಇಷ್ಟು ಓದಿ ಎದಿ ಉಬ್ಬಿಸಿ ಕೂಡ್ಲಿಕ್ಕೆ ಆಗೂದಿಲ್ಲ ಮತ್ತ. ಯಾಕಂದ್ರ ಅದೇ ವರದಿಯೊಳಗ ಅಂಕಿನೂ ಅವ.

ಆಗಿನ ಬಳ್ಳಾರಿ ಜಿಲ್ಲಾ ಭಾಳ ದೊಡ್ಡದು, ಇವತ್ತಿನ ಆಂಧ್ರದ ಸೀಮಿನೂ ಒಂದಿಷ್ಟು ಅದರಾಗಿತ್ತು. ಸುಮಾರು 9 ಲಕ್ಷ 27 ಸಾವಿರ ಮಂದಿ. 533 ಸಾಲಿ. ಅದರಾಗ ಕನ್ನಡದ್ದು 235, ತೆಲುಗಿನವು 226. ಇಂಗ್ಲಿಷಿನದು ಒಂದ! ಕಲಿಯೋರು ಒಟ್ಟು 6,641 ಮಕ್ಕಳು. ಅವರಾಗ ಹೆಣ್ಣುಮಕ್ಕಳು ಎಷ್ಟು ಅಂತೀರಿ? 60. ಬರೇ ಅರವತ್ತು. ಊರ ಹೊರಗಿನ ಕೇರಿ ಮಕ್ಕಳಿಗಂತೂ ಆ ಕಟ್ಟಿ ಹತ್ತಲಿಕ್ಕೆ ಬಹುತೇಕ ಅವಕಾಶನ ಇರಲಿಲ್ಲ. ಕ್ಯಾಂಪ್‌ಬೆಲ್ ಇನ್ನೊಂದು ಮಾತೂ ಬರದಾನ. ವಿಲಾಯತಿ ಅರಿವಿ ಬಂದು ನೇಕಾರರ ಕೈ ಖಾಲಿ ಆಗಿ, ಬಡತನ ಹೆಚ್ಚಾಗಿ, ಮಕ್ಕಳು ಕೆಲಸ ಮಾಡೋವಷ್ಟು ಆದ ಕೂಡ್ಲೆ ದುಡಿಲಿಕ್ಕೆ ಹಚ್ಚೋ ಪರಿಸ್ಥಿತಿ ಬಂದದ, ಅದಕ್ಕ ಸಾಲಿ ಮುಚ್ಚಿ ಹೊಂಟಾವ ಅಂತ. ತನ್ನ ಸರಕಾರದ ತಪ್ಪನ್ನ ತಾನ ಬರದು ಕಳಿಸ್ಯಾನ.

ಆ ಅರವತ್ತು ಬಿಟ್ಟು ಉಳದ ಹೆಣ್ಣುಮಕ್ಕಳು ಏನೂ ಕಲೀಲೇ ಇಲ್ಲೇನು? ಇದನ್ನ ವಿಚಾರ ಮಾಡೂವಾಗ ನನಗ ನಮ್ಮ ಆಯಿ ನೆನಪಾದ್ಲು.

ಆಯಿ ಸಾಲಿ ಮೆಟ್ಟಲಾ ಹತ್ತಿದಾಕಿ ಅಲ್ಲ. ಆಕಿ ಅಣ್ಣ ಮುಂಜಾನೆ ಎದ್ದು ಮಠಕ್ಕ ಹೋದ್ರ, ಈಕಿ ಕಸಬಾರಿಗಿ ಹಿಡೀತಿದ್ಲು. ಅಣ್ಣ ಸಂಜಿಗೆ ಬಂದು ಮಗ್ಗಿ ಹೇಳ್ತಿದ್ದ. ಸಾಲ್ಯಾಗ ಒಬ್ಬಾವ ಹೇಳೋದು, ಉಳದವರು ಕೂಡಿ ಅನ್ನೋದು ರೂಢಿ. ಮನ್ಯಾಗ ಅಣ್ಣಗ ಜೋಡಿ ಬೇಕಲಾ, ಆಯಿನ ಜೋಡಿ. ಹಂಗ ಬೀಸೂಕಲ್ಲಿನ ಮುಂದ ಕೂತು ಆಕಿ ಮೂವತ್ತರ ಮಗ್ಗಿತನಕ ಕಲತ್ಲು. ಬರೇ ಅಷ್ಟಲ್ಲ, ಮರಾಠಿಯಿಂದ ನಮ್ಮ ಕಡೆ ಬಂದ ಪಾವಕಿ, ನಿಮಕಿ, ದೀಡಕಿ, ಅಂದ್ರ ಕಾಲು, ಅರ್ಧ, ಒಂದೂವರಿ ಮಗ್ಗಿನೂ ಬಾಯಾಗ ಇದ್ವು. ಅವು ಸುಮ್ಮನ ಇದ್ದದ್ದಲ್ಲ. 16 ಆಣೆಗೆ ರೂಪಾಯಿ, ಆಣೆಗೆ 4 ಪೈಸಾ ಇದ್ದ ಕಾಲ. ಸಂತ್ಯಾಗ ಒಂದೂವರಿ ಸೇರಿಗೆ ಎಷ್ಟು ಅಂತ ಲೆಕ್ಕ ಹಾಕ್ಲಿಕ್ಕೆ ಕಾಲು-ಅರ್ಧದ ಮಗ್ಗಿ ಬೇಕಾಗೇ ಬೇಕು. 1957ರ ಏಪ್ರಿಲ್ 1ಕ್ಕ ನೂರು ನಯೇಪೈಸಾ ಬಂದ ಮ್ಯಾಲೆ ಆ ಮಗ್ಗಿ ಹಂಗ ಸವದು ಹೋದ್ವು. ಆಯಿ ಮಾತ್ರ ಸಾಯೂತನಕ ಆಣೆ ಲೆಕ್ಕ ಹಾಕಿ ಪೈಸಾಕ್ಕ ತಿರುಗಿಸಿ ಹೇಳ್ತಿದ್ಲು. ಅಂಗಡಿಯವನ ಲೆಕ್ಕ ತಪ್ಪಬಹುದು, ಆಕಿದು ತಪ್ಪತಿರಲಿಲ್ಲ.

ಅಷ್ಟಿದ್ರೂ ಆಕಿಗೆ ಒಂದು ಅಕ್ಷರ ಬರ್ತಿರಲಿಲ್ಲ. ಹೊಲದ ಕಾಗದಕ್ಕ ಹೆಬ್ಬೆಟ್ಟು ಒತ್ತಿ, ಆ ಮಸಿ ಬೆರಳನ್ನ ಎಷ್ಟೋ ಹೊತ್ತು ಸೆರಗಿಗೆ ತಿಕ್ಕಿದ್ದನ್ನ ನಾ ನೋಡೇನಿ.

ನಾ ಬಿನ್ ಇಯತ್ತೆಗೆ ಹೋಗೂವಾಗ ಅಪ್ಪ ಅಂಕಲಿಪಿ ತಂದುಕೊಟ್ರು. ದಿನಾ ಸಂಜಿಗೆ ಆಯಿ ನನ್ನ ಎದುರಿಗೆ ಕೂಡಿಸ್ಕೊಂಡು "ಹೂಂ, ಇವತ್ತೇನು ಕಲಿಸ್ಯಾರ, ನನಗ ತೋರಿಸು, ತಪ್ಪಿದ್ರ ನೋಡು ಮತ್ತ" ಅಂತಿದ್ಲು. ನಾ ಹೆದರಿ ಚಂದಾಗಿ ಬರದು ತೋರಸ್ತಿದ್ದೆ. "ಇದೇನು? ಇದಕ್ಕ ಕೊಂಬು ಯಾಕ? ಇನ್ನೊಮ್ಮೆ ಬರಿ" ಅಂತಿದ್ಲು. ಆಕಿಗೆ ಎಲ್ಲಾ ಬರತದ, ನನ್ನ ಪರೀಕ್ಷಾ ಮಾಡ್ತಾಳ ಅಂತನ ನಾ ತಿಳಕೊಂಡಿದ್ದೆ. ಮುಂಜಾನೆ ಅಂಗಳದಾಗ ಆಕಿ ರಂಗೋಲಿ ಹಾಕೂವಾಗ ಒಂದು ಮೂಲ್ಯಾಗ ಹಿಂದಿನ ಸಂಜಿ ನಾ ಬರದ ಅಕ್ಷರ ಇರ್ತಿದ್ವು. ಯಾರರೆ ಬರೂದ್ರಾಗ ಕಾಲಲೆ ಅಳಸ್ತಿದ್ಲು. ಅದರ ಅರ್ಥ ನನಗ ಆದದ್ದು ಭಾಳ ವರ್ಷದ ಮ್ಯಾಲೆ. ಅಂಕಲಿಪಿ ನನಗ ಒಬ್ಬಾಕಿಗೇ ತಂದಿದ್ದಲ್ಲ. ನಾ ಮೂರನೇ ಇಯತ್ತೆ ಮುಗಿಸೋದ್ರಾಗ ಆಯಿ ಸೊಸೈಟಿ ಪುಸ್ತಕದಾಗ ಸಹಿ ಮಾಡಿದ್ಲು. ರಂಗೋಲಿ ಎಳದಂಗ, ಕೈ ಎತ್ತದ, ಒಂದ ಉಸುರಿನ್ಯಾಗ.

ದೊಡ್ಡವರು ಇದನ್ನ ಬ್ಯಾರೆ ರೀತಿ ಹೇಳ್ಯಾರ. ಇಟಲಿಯ ಮರಿಯಾ ಮಾಂಟೆಸ್ಸೋರಿ 1907ರಾಗ ರೋಮಿನ ಬಡವರ ಓಣ್ಯಾಗ ಮಕ್ಕಳ ಮನಿ ತಗದು, ಕಾಳು ಸುರಿಯೋದು, ಗುಂಡಿ ಹಾಕೋದು, ಕಸ ಹೊಡಿಯೋದು ಇಂಥಾ ಮನಿ ಕೆಲಸದಿಂದನ ಕಲಿಸಿದ್ರು. ಖರಬರ ಕಾಗದದ ಅಕ್ಷರದ ಮ್ಯಾಲೆ ಬೆರಳಾಡಿಸಿದ ಮ್ಯಾಲೆನ ಬರಿಯೋದು. 1939ರಾಗ ಮದ್ರಾಸಿಗೆ ಬಂದಾಕಿ ಯುದ್ಧ ಮುಗಿಯೂತನಕ ನಮ್ಮ ದೇಶದಾಗೇ ಉಳದು ಸಾವಿರಕ್ಕೂ ಹೆಚ್ಚು ಮಂದಿ ಶಿಕ್ಷಕರನ್ನ ತಯಾರು ಮಾಡಿದ್ಲು. ಅದಕ್ಕೂ ಮೊದಲ 1920ರಾಗ ಗುಜರಾತಿನ ಭಾವನಗರದಾಗ ಗಿಜುಭಾಯಿ ಬಧೇಕಾ ಬಾಲಮಂದಿರ ಸುರು ಮಾಡಿದ್ರು. ಅವರ ಜೋಡಿ ದುಡದ ತಾರಾಬಾಯಿ ಮೋಡಕ ಆಮ್ಯಾಲೆ ಬಡ ಮಕ್ಕಳ ಅಂಗಳಕ್ಕೇ ಹೋಗಿ ಕಲಿಸಿದ್ರು. 1975ರ ಅಕ್ಟೋಬರ್ 2ಕ್ಕ ಸರಕಾರದ ಅಂಗನವಾಡಿ ಯೋಜನಾ ದೇಶದ 33 ಕಡೆ ಸುರು ಆದಾಗ ನಮ್ಮ ರಾಜ್ಯದ್ದು ಮೈಸೂರು ಜಿಲ್ಲಾ ಟಿ. ನರಸೀಪುರ. ಅಂಗನವಾಡಿ ಅಂದ್ರ ಅಂಗಳದ ವಾಡಿ. ಅಂಗಳದಾಗ ಕಲೀತಾರ ಅನ್ನೋದನ್ನ ನಮ್ಮ ಆಯಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇಷ್ಟೆಲ್ಲಾ ಓದಿದ ಮ್ಯಾಲೆ ಕೆಲಸದ ಅಕ್ಕಗ ಮತ್ತೊಮ್ಮೆ ಕೂಡಿಸ್ಕೊಂಡು ಹೇಳಿದೆ. "ಅಕ್ಷರ ಕಲಿಸೋದು ಟೀಚರ ಕೆಲಸ, ಅದನ್ನ ಅವರು ಮಾಡ್ತಾರ. ನೀ ಮಾಡೋದು ಬ್ಯಾರೆ ಅದ. ಕೂಸಿನ ಕೈಲೆ ಶೇಂಗಾ ಸುಲಿಸು, ಅಕ್ಕ್ಯಾಗಿನ ಹಳ್ಳ ಆರಿಸ್ಲಿಕ್ಕೆ ಹಚ್ಚು, ಬೆರಳು ಪಳಗತಾವ. ರೊಟ್ಟಿ ಬಡಿಯೂವಾಗ ಎಷ್ಟು ಮಂದಿ ಅದೇವಿ, ಎಷ್ಟು ರೊಟ್ಟಿ ಬೇಕು ಅಂತ ಕೇಳು. ಹುಣಸಿಬೀಜ ಹಾಕಿ ಗುಳಿಮಣಿ ಆಡ್ರಿ, ಎಣಿಸೋದು, ಕೂಡಿಸೋದು, ಕಾಯೋದು ಎಲ್ಲಾ ಬರತದ. ಚುಕ್ಕಿ ಇಟ್ಟು ಸಣ್ಣ ರಂಗೋಲಿ ಎಳಸು. ರಾತ್ರಿ ಒಂದು ಕತಿ ಹೇಳು, ಒಂದು ಒಗಟ ಒಡಸು. ಮಾತು ತುಂಬಿದ ಕೂಸಿಗೆ ಓದೋದು ಹಗರಾಗತದ. ಒಂದೀಟು ತಾಟಿನ್ಯಾಗ ಉಸುಕು ಹಾಕಿ ಇಡು. ಸಾಲ್ಯಾಗ ಕಲತದ್ದನ್ನ ಆಕಿ ನಿನಗ ಬರದು ತೋರಿಸ್ಲಿ."

ಆಕಿ ಸ್ವಲ್ಪ ಹೊತ್ತು ಸುಮ್ಮನ ಇದ್ಲು. ಆಮ್ಯಾಲೆ, "ಅಕಿ ಬರದದ್ದು ಸರಿ ಐತೋ ಇಲ್ಲೋ ನನಗ ಹ್ಯಾಂಗ ತಿಳಿಬೇಕ್ರಿ?" ಅಂದ್ಲು.

"ಇನ್ನೊಮ್ಮೆ ಬರಿ ಅನ್ನು. ಇದು ಯಾಕ ಹಿಂಗ ಅಂತ ಕೇಳು. ನಮ್ಮ ಆಯಿ ಹಂಗ ಮಾಡ್ತಿದ್ಲು" ಅಂದೆ.

ನಮ್ಮ ಸೊಸಿಗೂ ಇದನ್ನೆಲ್ಲಾ ಹೇಳೇನಿ. ಎಂಟುನೂರು ರೂಪಾಯಿ ತಾಟು ದಂಡ ಅಂತ ಬೈಯ್ಯಲಿಲ್ಲ, ಹುಡುಗ ಅದರಾಗ ಆಡ್ತಾನ, ಆಡ್ಲಿ. ಆದ್ರ ಐದು-ಆರು ವರ್ಷದ ಕೂಸಿಗೆ ಎರಡು ತಾಸು ವಹಿ ಮುಂದ ಕೂಡಿಸಿ, ಪೆನ್ಸಿಲ್ ಹಿಡಿಯೋ ಬೆರಳು ಕೆಂಪಾಗೂತನಕ ಬರಿಸೋದು ಬ್ಯಾಡ ಅಂದೆ. ಇನ್ನೂರು ವರ್ಷದ ಹಿಂದಿನ ಮಾಸ್ತರ್ರು ಛಡಿ ಹಿಡೀತಿದ್ರು ಖರೆ, ತಡಾ ಮಾಡಿ ಬಂದ ಹುಡುಗೂರಿಗೆ ಏಟೂ ಇತ್ತು. ಅದನ್ನ ನಾವು ಬಿಟ್ಟದ್ದು ಛಲೋ ಆತು. ಆದ್ರ ಬೆರಳು ಪಳಗೂತನಕ ಲೆಕ್ಕಣಿಕಿ ಕೊಡಬಾರದು ಅನ್ನೋ ತಿಳವಳಿಕಿ ಅವರಿಗಿತ್ತು. ಅದನ್ನ ಬಿಡಬಾರದಿತ್ತು.

ಮೊನ್ನೆ ಮುಂಜಾನೆ ಕೆಲಸದ ಅಕ್ಕ ಬಂದಾಗ ಹಿತ್ತಲಾಗ ಭಾಂಡಿ ತಿಕ್ಕೋ ಬೂದಿ ಮ್ಯಾಲೆ ಬೆರಳಲೆ ಏನೋ ಬರದು, ನನ್ನ ಹೆಜ್ಜಿ ಸಪ್ಪಳ ಕೇಳಿ ಅಳಿಸಿದ್ಲು. ನಾ ನೋಡಿದ್ರೂ ನೋಡಲಾರದಂಗ ಒಳಗ ಬಂದೆ. ಅದು "ಅ" ಇತ್ತು, ಬಾಲ ಸ್ವಲ್ಪ ಸೊಟ್ಟ ಆಗಿತ್ತು ಅಷ್ಟ.

ನಿಮ್ಮ ನಿಮ್ಮ ಮನ್ಯಾಗ ಅವ್ವ, ಅತ್ತಿ, ಆಯಿ ಹ್ಯಾಂಗ ಕಲತ್ರು, ಯಾರ ಅಂಕಲಿಪಿ ನೋಡಿ ಕಲತ್ರು ಅಂತ ಒಮ್ಮೆ ಕೇಳಿ ನೋಡ್ರಿ. ಅವರು ಇನ್ನೂ ಇದ್ದಾಗನ ಕೇಳ್ರಿ.