ಮೊನೆರೊ ರವಾನೆ ವಿಫಲವಾಗುವುದೇಕೆ? ಗೌಪ್ಯ ನಾಣ್ಯ ಬಳಸುವವರು ತಿಳಿದಿರಬೇಕಾದ ಸಂಗತಿಗಳು

ವಿಜಯಪುರ: ತಿಕೋಟಾ ಅಥವಾ ಬಬಲೇಶ್ವರದ ರೈತರೊಬ್ಬರಿಗೆ ಒಣದ್ರಾಕ್ಷಿ ಮಾರಿದ ಹಣ ಖಾತೆಗೆ ಜಮೆಯಾಗದಿದ್ದರೆ ಬ್ಯಾಂಕಿನ ಶಾಖೆಗೆ ಹೋಗಿ ವಿಚಾರಿಸಬಹುದು. ಯುಪಿಐ ಮೂಲಕ ಒಬ್ಬರು ಇನ್ನೊಬ್ಬರಿಗೆ ಕಳುಹಿಸಿದ ಹಣ ಕಡಿತಗೊಂಡೂ ತಲುಪದಿದ್ದಲ್ಲಿ ಮರುದಿನದೊಳಗೆ ಮರಳಿಸಬೇಕು, ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ ನೀಡಬೇಕು ಎಂದು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ನಿಯಮ ಮಾಡಿದೆ. ಆದರೆ ಗೌಪ್ಯತೆಗೆ ಹೆಸರಾದ ಕ್ರಿಪ್ಟೊ ನಾಣ್ಯ ಮೊನೆರೊ ರವಾನೆಯಾಗದಿದ್ದರೆ ದೂರು ಕೊಡಲು ಶಾಖೆಯೂ ಇಲ್ಲ, ವ್ಯವಸ್ಥಾಪಕರೂ ಇಲ್ಲ. ಆ ಗಾಬರಿಯನ್ನೇ ವಂಚಕರು ಬಂಡವಾಳ ಮಾಡಿಕೊಳ್ಳುತ್ತಾರೆ. ರವಾನೆ ನಿಲ್ಲುವ ಕಾರಣಗಳು ಹೆಚ್ಚಾಗಿ ಸರಳವಾದವು. ಅವುಗಳನ್ನು ಮೊದಲೇ ತಿಳಿದಿರುವುದು ಒಳಿತು.

ಏನಿದು ಮೊನೆರೊ?

ಮೊನೆರೊ ಚಲಾವಣೆಗೆ ಬಂದದ್ದು 2014ರ ಏಪ್ರಿಲ್‌ನಲ್ಲಿ. ಬಿಟ್‌ಕಾಯಿನ್‌ನಲ್ಲಿ ಯಾವ ವಿಳಾಸದಿಂದ ಯಾವ ವಿಳಾಸಕ್ಕೆ ಎಷ್ಟು ಹೋಯಿತೆಂಬುದನ್ನು ಯಾರು ಬೇಕಾದರೂ ನೋಡಬಹುದು. ಮೊನೆರೊದಲ್ಲಿ ಕಳುಹಿಸಿದವರು, ಪಡೆದವರು ಹಾಗೂ ಮೊತ್ತ ಮೂರೂ ಮರೆಯಲ್ಲಿರುತ್ತವೆ. ಈ ಮರೆಯನ್ನು ಕಾಯುವ ಸಲುವಾಗಿ ವಾಲೆಟ್ ತಂತ್ರಾಂಶವು ಹೆಚ್ಚಿನ ಕೆಲಸ ಮಾಡಬೇಕಾಗುತ್ತದೆ. ರವಾನೆ ಮುಗ್ಗರಿಸುವುದು ಬಹುಪಾಲು ಅಲ್ಲಿಯೇ.

ಬೀಗ ಬಿದ್ದ ಚಿಲ್ಲರೆ

ಕಿರಾಣಿ ಅಂಗಡಿಯಲ್ಲಿ 120 ರೂಪಾಯಿ ಸಾಮಾನಿಗೆ 500ರ ನೋಟು ಕೊಟ್ಟರೆ 380 ರೂಪಾಯಿ ಚಿಲ್ಲರೆ ಮರಳಿ ಬರುತ್ತದೆ. ಮೊನೆರೊದಲ್ಲಿಯೂ ಹೀಗೆಯೇ. ಆದರೆ ಮರಳಿ ಬಂದ ಚಿಲ್ಲರೆಯನ್ನಾಗಲಿ, ಹೊಸದಾಗಿ ಬಂದ ಹಣವನ್ನಾಗಲಿ 10 ಬ್ಲಾಕ್‌ಗಳು ಸೇರುವವರೆಗೆ ಖರ್ಚು ಮಾಡಲಾಗದು. ಬ್ಲಾಕ್ ಒಂದಕ್ಕೆ ಸರಾಸರಿ 2 ನಿಮಿಷದಂತೆ ಇದಕ್ಕೆ ಸುಮಾರು 20 ನಿಮಿಷ ಹಿಡಿಯುತ್ತದೆ. ಪರದೆಯ ಮೇಲೆ ಹಣ ಕಂಡರೂ ಬಳಸಲು ಬಾರದಿರುವುದಕ್ಕೆ ಇದು ಅತಿ ಸಾಮಾನ್ಯ ಕಾರಣ.

ಹಿಂದೆ ಬಿದ್ದ ವಾಲೆಟ್

ಯಾವ ಹಣ ಯಾರದೆಂದು ಹೊರಗಿನವರಿಗೆ ತಿಳಿಯದ ಕಾರಣ, ವಾಲೆಟ್ ತನ್ನ ಕೀಲಿ ಬಳಸಿ ಒಂದೊಂದೇ ಬ್ಲಾಕನ್ನು ಪರಿಶೀಲಿಸುತ್ತದೆ. ಬಹಳ ದಿನ ತೆರೆಯದ ವಾಲೆಟ್ ಹಳೆಯ ಲೆಕ್ಕವನ್ನೇ ತೋರಿಸುತ್ತಿರಬಹುದು. ಅದೇ ಕೀಲಿಯ ವಾಲೆಟ್ ಮತ್ತೊಂದು ಫೋನಿನಲ್ಲಿದ್ದು ಅಲ್ಲಿ ಈಗಾಗಲೇ ಖರ್ಚಾದ ನಾಣ್ಯವನ್ನು ಇಲ್ಲಿ ಪುನಃ ಕಳುಹಿಸಲು ಹೋದರೆ ಜಾಲವು ತಿರಸ್ಕರಿಸುತ್ತದೆ.

ನೋಡ್ ಮತ್ತು ಹಳೆಯ ತಂತ್ರಾಂಶ

ಪ್ರತಿ ರವಾನೆಯಲ್ಲಿಯೂ ನಿಜವಾದ ನಾಣ್ಯದೊಂದಿಗೆ 15 ಹುಸಿ ನಾಣ್ಯಗಳನ್ನು ಬೆರೆಸಲಾಗುತ್ತದೆ. ಇವುಗಳ ಮಾಹಿತಿ ದೊರೆಯುವುದು ನೋಡ್ ಎಂಬ ಗಣಕಯಂತ್ರದಿಂದ. ಅದು ಸ್ಥಗಿತಗೊಂಡಿದ್ದರೆ ಅಥವಾ ಸಂಪರ್ಕ ದುರ್ಬಲವಾಗಿದ್ದರೆ ರವಾನೆ ಸಿದ್ಧವಾಗುವುದೇ ಇಲ್ಲ. ಬೇರೆ ನೋಡ್ ಆಯ್ದುಕೊಳ್ಳುವುದೇ ಇದಕ್ಕೆ ಪರಿಹಾರ. 2022ರ ಆಗಸ್ಟ್ 13ರಂದು ಜಾಲದ ನಿಯಮ ಬದಲಾಗಿ ಈ ಗುಂಪಿನ ಸಂಖ್ಯೆ 11ರಿಂದ 16ಕ್ಕೆ ಏರಿತು. ಅದಕ್ಕೂ ಹಿಂದಿನ ತಂತ್ರಾಂಶದಿಂದ ಕಳುಹಿಸಿದರೆ ಜಾಲ ಸ್ವೀಕರಿಸದು.

ಇದ್ದ ಹಣವನ್ನೆಲ್ಲ ಮೊತ್ತದ ಜಾಗದಲ್ಲಿ ನಮೂದಿಸಿ ಶುಲ್ಕಕ್ಕೆ ಏನೂ ಉಳಿಸದಿರುವುದೂ ಒಂದು ಕಾರಣ.

ವಿನಿಮಯ ಕೇಂದ್ರದ ನಿರ್ಧಾರ

ಹಣ ವಿನಿಮಯ ಕೇಂದ್ರದಲ್ಲಿದ್ದರೆ ವಿಷಯವೇ ಬೇರೆ. ಬೈನಾನ್ಸ್ ಸಂಸ್ಥೆ 2024ರ ಫೆಬ್ರವರಿ 20ರಂದು ಮೊನೆರೊ ವಹಿವಾಟನ್ನು ಕೈಬಿಟ್ಟಿತು. ಇಂಥ ಸಂದರ್ಭದಲ್ಲಿ ದೋಷ ಜಾಲದ್ದಲ್ಲ, ಅದು ಕೇಂದ್ರದ ನಿರ್ಧಾರ. ಭಾರತದಲ್ಲಿ ಕ್ರಿಪ್ಟೊ ಲಾಭಕ್ಕೆ 2022ರ ಏಪ್ರಿಲ್‌ನಿಂದ ಶೇ. 30 ತೆರಿಗೆಯಿದೆ. 2023ರ ಮಾರ್ಚ್‌ನಿಂದ ವಿನಿಮಯ ಕೇಂದ್ರಗಳು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಬಂದಿವೆ. ನಾಣ್ಯ ಗೌಪ್ಯವೆಂದು ತೆರಿಗೆಯಿಂದ ವಿನಾಯಿತಿ ಇಲ್ಲ.

ಮತ್ತೊಮ್ಮೆ ಕಳುಹಿಸುವ ಮುನ್ನ

ರವಾನೆಯ ಗುರುತು ಸಂಖ್ಯೆ ವಾಲೆಟ್‌ನಲ್ಲಿ ದಾಖಲಾಗಿದೆಯೇ ಎಂದು ಮೊದಲು ನೋಡಬೇಕು. ಇದ್ದಲ್ಲಿ ಹಣ ಹೊರಟಿರಬಹುದು. ಆತುರದಿಂದ ಪುನಃ ಕಳುಹಿಸಿದರೆ ಎರಡು ಬಾರಿ ಪಾವತಿಯಾದೀತು. ಪಡೆದವರು ತಾವಾಗಿ ಹಿಂದಿರುಗಿಸದ ಹೊರತು ಅದು ಮರಳಿ ಬಾರದು. ಬ್ಲಾಕ್‌ಗೆ ಸೇರದೆ ಕಾದಿರುವ ರವಾನೆಯನ್ನು ಜಾಲವು ಸಾಮಾನ್ಯವಾಗಿ 3 ದಿನಗಳ ನಂತರ ಕೈಬಿಡುತ್ತದೆ. ಆಗ ಹಣ ಕಳುಹಿಸಿದವರ ಬಳಿಯೇ ಉಳಿಯುತ್ತದೆ. ಹಣ ತಲುಪಿಲ್ಲವೆಂದು ಎದುರಿನವರು ವಾದಿಸಿದರೆ, ವಾಲೆಟ್‌ನಲ್ಲಿರುವ ರವಾನೆ ಕೀಲಿಯನ್ನು ತೋರಿಸಿ ಪಾವತಿಯನ್ನು ರುಜುವಾತುಪಡಿಸಬಹುದು.

ಈ ಯಾವ ಅಡಚಣೆಯ ನಿವಾರಣೆಗೂ ಅನ್ಯರಿಗೆ ಹಣ ಕೊಡಬೇಕಾಗಿಲ್ಲ. ‘ಸಿಲುಕಿದ ಹಣ ಬಿಡಿಸಲು ಶುಲ್ಕ ಕಟ್ಟಿ’ ಎನ್ನುವವರು, ವಾಲೆಟ್‌ನ 25 ಗುಪ್ತ ಪದಗಳನ್ನು ಕೇಳುವವರು ವಂಚಕರೆಂದೇ ತಿಳಿಯತಕ್ಕದ್ದು. ಮೋಸ ಹೋದವರು ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು. ಜಿಲ್ಲೆಯವರು ವಿಜಯಪುರದ ಸಿಇಎನ್ ಪೊಲೀಸ್ ಠಾಣೆಯಲ್ಲಿಯೂ ದೂರು ನೀಡಬಹುದು.